ಅತ್ತಿಯ ಪಿಸ್ತೂಲಿಗೊಂದು ಕಿಸೆ

ಸಿಂಗಪುರದಲ್ಲಿ ಕಳ್ಳರಿಲ್ಲವೆಂದು ಸಿಟ್ಟು ಮಾಡಿಕೊಂಡವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಟ್ಯಾಂಪಿನೀಸ್ ಮನೆಯಲ್ಲಿ ಮೂರು ತಿಂಗಳು ಇಟ್ಟುಕೊಂಡು ಊಟ ಹಾಕಿದ್ದೇನೆ. ತಪ್ಪು, ತಪ್ಪು! ಅವರೇ ನನಗೆ ಊಟ ಹಾಕಿದ್ದು. ಬಾಣಂತಿ ನಾನು. ಬಾಣಂತಿ ಸಿಟ್ಟು ಮಾಡಿಕೊಳ್ಳಬಾರದು, ಹಾಲು ಬತ್ತುತ್ತದೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತ, ದಿನಕ್ಕೆ ಇಪ್ಪತ್ತು ಸಲ ನನಗೆ ಸಿಟ್ಟು ಬರಿಸಿದವರು ಅವರು.

ಅವರು ನನ್ನ ಅಪ್ಪನ ಅಕ್ಕ. ನಮ್ಮ ಬಿಜಾಪುರದ ಕಡೆ ಸೋದರತ್ತೆಯನ್ನು ಅತ್ತಿ ಎನ್ನುತ್ತೇವೆ. ತಾಯಿಯಿಲ್ಲದ ನನ್ನ ಬಾಣಂತನಕ್ಕೆ ಯಾರೂ ಕರೆಯುವ ಮೊದಲೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟು ನಿಂತವರು. ಒಂದು ತಾಲ್ಲೂಕು ಊರಿನ ಹೊರಗೆ, ಹೈವೇ ಪಕ್ಕದಲ್ಲಿ ಅವರದೊಂದು ಪೆಟ್ರೋಲ್ ಬಂಕ್ ಇದೆ. ಬಂಕಿನ ಜೊತೆಗೆ, ಗಾಬರಿಯಾಗಬೇಡಿ, ಒಂದು ರಿವಾಲ್ವರ್ ಕೂಡ ಇದೆ. ಲೈಸೆನ್ಸ್ ಇರುವಂಥದ್ದು. ಗುಂಡು ಹಾರುವಂಥದ್ದು!

ಅತ್ತಿಯ ಗಂಡ, ಅಂದರೆ ನಮ್ಮ ಮಾಮ, ಹಠಾತ್ತನೆ ತೀರಿಕೊಂಡಾಗ ಅತ್ತಿಯ ತಲೆಯಲ್ಲಿ ಒಂದು ಬಿಳಿಗೂದಲೂ ಇರಲಿಲ್ಲ. ಮಾಮನ ತಮ್ಮಂದಿರು ಬಂದು, "ವೈನಿ, ನೀವು ಮನ್ಯಾಗ ಆರಾಮ ಇರ್ರಿ. ಬಂಕ್ ನಾವು ನೋಡ್ಕೋತೀವಿ" ಎಂದರಂತೆ. ಮರುದಿನ ಬೆಳಿಗ್ಗೆ ಅತ್ತಿ ಸೆರಗು ಸಿಗಿಸಿಕೊಂಡು ಹೋಗಿ ಬಂಕಿನ ಹಣದ ಗಲ್ಲೆಯ ಮುಂದೆ ಕೂತುಬಿಟ್ಟರು. ಮಾಮನ ರಿವಾಲ್ವರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗೆ ಅಲೆದಾಗ ಅಲ್ಲಿದ್ದವನೊಬ್ಬ, "ನಿಮಗ್ಯಾಕ್ರೀ ತಾಯಿ ಇದು?" ಎಂದು ನಕ್ಕನಂತೆ. "ಗಂಡಸ್ರಿಗೆ ಕೊಡೂ ಮುಂದೂ ಹಿಂಗ ನಕ್ಕು ಕೊಡ್ತೀರೇನ್ರಿ?" ಎಂದು ಕೇಳಿದರು ಅತ್ತಿ. ಲೈಸೆನ್ಸ್ ಬಂತು. ಅಂದಿನಿಂದ ಬಂಕಿನ ದುಡ್ಡು ಕಟ್ಟಲು ಬ್ಯಾಂಕಿಗೆ ನಡೆದು ಹೋಗುವಾಗೆಲ್ಲ ರಿವಾಲ್ವರ್ ಅವರ ಕೈಚೀಲದಲ್ಲಿ. ಅದರಿಂದ ಇದುವರೆಗೆ ಒಂದು ಗುಬ್ಬಿ ಕೂಡ ಸತ್ತಿಲ್ಲ, ಆ ಮಾತು ಬೇರೆ.

ಸಿಂಗಪುರಕ್ಕೆ ಬರುವಾಗ ಅದನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ಆದರೆ ಅದರ ಖಾಲಿ ಚರ್ಮದ ಚೀಲವನ್ನು ಮಾತ್ರ ಜೊತೆಯಲ್ಲೇ ತಂದಿದ್ದರು. ಜೊತೆಗೆ ಎರಡು ದೊಡ್ಡ ಡಬ್ಬಿಗಳ ತುಂಬ ಅಂಟಿನ ಉಂಡಿ. ಬಾಣಂತಿಯ ಸೊಂಟಕ್ಕೆ ಅದಿಲ್ಲದಿದ್ದರೆ ಬಲವೇ ಬರುವುದಿಲ್ಲವಲ್ಲ! ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಡಬ್ಬಿ ತೆಗೆಸಿ ಇದೇನು ಎಂದು ಕೇಳಿದ. ಅಂಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅತ್ತಿ ಬಂಕಿನ ಲೆಕ್ಕಿಗನನ್ನು ಕೇಳಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದರು. ಹೆಮ್ಮೆಯಿಂದ, "ಗಮ್" ಎಂದರು.

"ಚೂಯಿಂಗ್ ಗಮ್?"

"ಎಸ್, ಎಸ್. ಚೂಯಿಂಗ್. ಆಲ್ ಲೇಡೀಸ್ ಚೂಯಿಂಗ್!"

ಚೂಯಿಂಗ್ ಗಮ್ ಮಾರುವುದನ್ನೇ ನಿಷೇಧಿಸಿದ ದೇಶದಲ್ಲಿ, ಎರಡು ಡಬ್ಬಿ! ನಾನು ತುಂಬಿದ ಹೊಟ್ಟೆ ಹೊತ್ತುಕೊಂಡು, ನನ್ನ ಗಂಡ ಉಗುರು ಕಚ್ಚಿಕೊಂಡು ಹೊರಗೆ ಕಾಯುತ್ತಿದ್ದೆವು. ಎಲ್ಲರೂ ಬಂದರು, ಅತ್ತಿ ಮಾತ್ರ ಇಲ್ಲ. ಕೊನೆಗೆ ಯಾರೋ ಒಬ್ಬ ಹಿರಿಯ ಅಧಿಕಾರಿ ಬಂದು, ಉಂಡಿಯನ್ನು ಮುರಿದು, ಮೂಸಿ, ತುಪ್ಪ ಕೊಬ್ಬರಿಯ ವಾಸನೆ ಹಿಡಿದು ನಗುತ್ತ ಬಿಟ್ಟನಂತೆ. ಹೊರಗೆ ಬಂದ ಅತ್ತಿಯ ಮುಖ ಕೆಂಪಾಗಿತ್ತು. ಪಾಪ, ಹೆದರಿದ್ದಾರೆ ಎಂದುಕೊಂಡೆ.

"ಏನ್ ಮಂದಿ ಇವರು! ತಿನ್ನೂ ಉಂಡಿ ಹಿಡದು ನಿಲ್ಲಿಸಿದ್ರು. ಪಿಸ್ತೂಲಿನ ಚೀಲ ಕಣ್ಣ ಮುಂದ ಐತಿ, ಒಬ್ಬಾಂವರ ಕೇಳಬೇಕಿಲ್ಲೋ? ಇವರಿಗೇನ್ ಕೆಲಸ ಬರತೈತಿ!"

ಈ ಖಾಲಿ ಚೀಲ ಯಾಕೆ ಬಂತೆಂಬುದು ನನಗೆ ತಿಳಿದದ್ದು ಮಗಳು ಹುಟ್ಟಿ ನಾನು ಮನೆಗೆ ಬಂದ ಮೇಲೆ. ಬಾಣಂತಿಯ ಎಣ್ಣೆನೀರಿನ ಸಮಯದಲ್ಲಿ. ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಕೂತವಳು ಎದ್ದು ಓಡಲಾದೀತೇ? ಅತ್ತಿಗೆ ಅದು ಗೊತ್ತಿತ್ತು. ಬೆನ್ನು ತಿಕ್ಕುತ್ತ ಕೇಳಿದರು:

"ನಿನಗೇನ್ ಅನಸ್ತೈತಿ? ಪಿಸ್ತೂಲ್ ಚೊಲೋನೋ, ರಿವಾಲ್ವರ್ ಚೊಲೋನೋ?"

"ಎದಕ್ಕ ಅತ್ತಿ?"

"ದಿನಾ ಮೈಮ್ಯಾಲ ಇಟಗೊಂಡು ಅಡ್ಡಾಡಾಕ."

ವಿಷಯ ಇಷ್ಟು. ಮಾಮನ ರಿವಾಲ್ವರ್ ಭಾರ. ಕೈಚೀಲದಲ್ಲೇ ಇಡಬೇಕು. ಕಳ್ಳ ಮೊದಲು ಕಸಿದುಕೊಳ್ಳುವುದು ಕೈಚೀಲವನ್ನೇ ಅಲ್ಲವೇ? ಅಂದರೆ ಅತ್ತಿ ಇಷ್ಟು ವರ್ಷ ಕಳ್ಳನಿಗಾಗಿ ದುಡ್ಡು, ಆಯುಧ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಟ್ಟುಕೊಂಡು ತಿರುಗುತ್ತಿದ್ದರು! ಇದು ಒಂದು ದಿನ ಗಲ್ಲೆಯ ಮುಂದೆ ಕೂತಾಗ ಹೊಳೆಯಿತಂತೆ. ಊರ ಸುತ್ತ ರಸ್ತೆ ಅಗಲವಾಗುತ್ತಿತ್ತು, ಲಾರಿಗಳು ಸಾಲುಗಟ್ಟಿ ಡೀಸೆಲ್ ಹಾಕಿಸುತ್ತಿದ್ದವು, ಕೈಚೀಲ ದಿನೇದಿನೇ ದಪ್ಪವಾಗುತ್ತಿತ್ತು. ಹಾಗಾಗಿ ಕಿಸೆಯಲ್ಲಿ ಹಿಡಿಯುವ, ಯಾರಿಗೂ ಕಾಣದ ಸಣ್ಣದೊಂದು ಬೇಕು. ಎಷ್ಟು ಸಣ್ಣದೆಂದು ಹೋಲಿಸಿ ನೋಡಲು ಹಳೆಯದರ ಖಾಲಿ ಚೀಲ! ಹುಬ್ಬಳ್ಳಿಯ ಬಂದೂಕಿನ ಅಂಗಡಿಯವನು ಮೂರನ್ನು ತೋರಿಸಿದ್ದಾನೆ. ಸಿಂಗಪುರದಿಂದ ಬರುವುದರೊಳಗೆ ಹೇಳುತ್ತೇನೆ ಎಂದು ಅತ್ತಿ ಮಾತು ಕೊಟ್ಟು ಬಂದಿದ್ದಾರೆ. ಓದಿದ ಸೊಸೆ, ಓದಿದ ಅಳಿಯ, ಮನೆಯಲ್ಲಿ ಕಂಪ್ಯೂಟರು. ಇದಕ್ಕಿಂತ ಅನುಕೂಲ ಇನ್ನೆಲ್ಲಿ ಸಿಗಬೇಕು?

"ಆದ್ರ ಮೊದಲ ಹೇಳು, ಸೀರಿಗೆ ಕಿಸೆ ಯಾಕಿಲ್ಲ?" ಅತ್ತಿಯ ಕೈ ನನ್ನ ಬೆನ್ನಿನ ಮೇಲೆ ಜೋರಾಯಿತು. "ಗಂಡಸರ ಅಂಗಿಗೆ ಕಿಸೆ, ಪ್ಯಾಂಟಿಗೆ ಮುಂದೆರಡು ಹಿಂದೆರಡು, ಬನೀನಿಗೂ ಒಂದು! ಇಡಾಕ ಏನೈತಿ ಅವರ ಕಡೆ? ಒಂದು ಬಾಚಣಿಗಿ! ನಮ್ಮ ಕಡೆ ಬೀಗದ ಕೈ, ಅಡಿಕಿ, ಯಾಲಕ್ಕಿ, ಮನೀ ರೊಕ್ಕ ಎಲ್ಲಾ. ನಮಗ ಕಿಸೆ ಇಲ್ಲ! ಆರು ಗಜ ಬಟ್ಟಿ ಸುತಗೋತೀವಿ, ಗೇಣುದ್ದ ಕಿಸೆ ಹೊಲಿಯಾಕ ಇವರ ಕೈ ಸೇದಿತ್ತೇನು?"

ನನಗೂ ನ್ಯಾಯವೆನ್ನಿಸಿತು. ಆದರೆ ನನ್ನ ಬೆನ್ನೇನು ಪಾಪ ಮಾಡಿತ್ತು?

ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಮೈಸೂರಿನ ಕಡೆಯವರು. ಅಳತೆಯ ಉಪಕರಣಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಕೆಲಸ ಅವರದು. ರಸ್ತೆ ಖಾಲಿಯಿದ್ದರೂ ಸಿಗ್ನಲ್ಲಿನ ಹಸಿರು ಮನುಷ್ಯ ಕಾಣುವವರೆಗೆ ದಾಟದ ಪ್ರಾಣಿ. ಬಂದೂಕಿನ ವಿಷಯದಲ್ಲಿ ಈ ದೇಶ ತಮಾಷೆ ಮಾಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಂಥವರನ್ನು ಅತ್ತಿ ಕಂಪ್ಯೂಟರಿನ ಮುಂದೆ ಕೂರಿಸಿ, "ಅಳಿಯಂದ್ರ, ಪಿಸ್ತೂಲ್ ಅಂತ ಹೊಡೀರಿ" ಎಂದರು. ಇವರ ಬೆರಳು ಗಾಳಿಯಲ್ಲೇ ನಿಂತಿತು.

"ಅತ್ತೆ, ಆ ವರ್ಡ್ ಇಲ್ಲಿ ಟೈಪ್ ಮಾಡೋದು ಬೇಡ. ಇಂಟರ್‌ನೆಟ್‌ನಲ್ಲಿ ಎಲ್ಲಾ ರೆಕಾರ್ಡ್ ಆಗುತ್ತೆ."

"ನೋಡಾಕೂ ಪರವಾನಗಿ ಬೇಕೇನು?"

ಕೊನೆಗೆ ಇವರು ಬೆವರುತ್ತ ಟೈಪ್ ಮಾಡಿದ್ದು "ಕಿಸೆಯಲ್ಲಿ ಇಡಬಹುದಾದ ಸಣ್ಣ ವಸ್ತು" ಎಂದು. ಬಂದದ್ದು ಕನ್ನಡಿ, ಬಾಚಣಿಗೆ, ಉಗುರು ಕತ್ತರಿಸುವ ಯಂತ್ರ! "ಇದರಿಂದ ಕಳ್ಳಗ ಉಗುರು ಕತ್ತರಿಸಿ ಕಳಸ್ಲೇನು?" ಎಂದು ಅತ್ತಿ ಎದ್ದುಹೋದರು.

ಅದಕ್ಕಿಂತ ದೊಡ್ಡ ತೊಂದರೆ ಹೊರಗೆ ಹೋದಾಗ. ಪಿಸ್ತೂಲು ಎಂಬ ಶಬ್ದ ನೋಡಿ, ಯಾವ ಭಾಷೆಯವನಿಗೂ ಅರ್ಥವಾಗುವಂಥದ್ದು. ಅತ್ತಿಯ ಗಂಟಲೋ, ಲಾರಿಗಳ ಸದ್ದಿನ ಮೇಲೆ ಕೂಗಿ ಪಳಗಿದ್ದು. ಎಂಆರ್‌ಟಿ ರೈಲಿನಲ್ಲಿ ಅವರು ಒಮ್ಮೆ "ಪಿಸ್ತೂಲ್" ಎಂದದ್ದೇ ಪುಸ್ತಕದಲ್ಲಿ, ನಿದ್ದೆಯಲ್ಲಿ ಮುಳುಗಿದ್ದ ಮುಖಗಳೆಲ್ಲ ಮೇಲೆದ್ದವು. ಮನೆಗೆ ಬಂದವರೇ ನನ್ನ ಗಂಡ ಕೈಮುಗಿದರು. "ಅತ್ತೆ, ದಯವಿಟ್ಟು. ಬೇರೆ ಏನಾದ್ರೂ ಹೆಸರು ಇಟ್ಕೊಳ್ಳೋಣ. ಹುಡುಗಿ ಅನ್ನಿ. ಹೇಗೂ ಆರಿಸ್ತಾ ಇದ್ದೀರಲ್ಲ."

ಅತ್ತಿ ಒಪ್ಪಿಕೊಂಡರು. ಅದರ ಫಲ ನಾವು ಉಂಡದ್ದು ಮಗಳ ನಾಮಕರಣದ ದಿನ.

ಮನೆ ತುಂಬ ಜನ. ಬ್ಯೂನಾ ವಿಸ್ಟಾದ ಕಾಂಡೋದಿಂದ ಒಬ್ಬ ಆಂಟಿ ಬಂದಿದ್ದರು. ಹಳೇ ಮೈಸೂರಿನವರು, ಸಿಂಗಪುರದಲ್ಲಿರುವ ಕನ್ನಡದ ಗಂಡು ಹೆಣ್ಣುಗಳ ಜಾತಕವೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಸರಿಯಾಗಿ ಆಗಲೇ ಹುಬ್ಬಳ್ಳಿಯವನ ಫೋನು ಬಂತು. ಅತ್ತಿ ಹಾಲ್‌ನ ನಡುವೆಯೇ ನಿಂತು ಶುರುಮಾಡಿದರು.

"ಹ್ಞಾಂ, ಹುಡುಗ್ಯಾರ ವಿಚಾರ ಮಾಡೇನಿ. ಮೊದಲನೇದಾಕಿ ಗಟ್ಟಿಮುಟ್ಟ ಅದಾಳ, ಸರ್ಕಾರಿ ಮನಿತನ, ಖರೆ. ಆದ್ರ ಭಾಳ ದಪ್ಪ ಆತು. ದಿನಾ ಹೊತಗೊಂಡು ಅಡ್ಡಾಡಾಕ ನನ್ನ ಕೈಲೆ ಆಗೂದಿಲ್ಲ."

ಆಂಟಿ ಕಿವಿ ನಿಮಿರಿಸಿ ನಕ್ಕರು. "ಮಗನಿಗೆ ನೋಡ್ತಿದಾರಾ? ಹೇಳಲೇ ಇಲ್ಲ ನೀವು!" ಅತ್ತಿಗೆ ಮಕ್ಕಳೇ ಇಲ್ಲ. ನಾನು ಅವರಿಗೆ ಇನ್ನಷ್ಟು ಪಾಯಸ ಬಡಿಸಿದೆ.

"ಎರಡನೇದಾಕಿ ಫಾರಿನ್‌ದಾಕಿ. ಸಣ್ಣಾಕಿ, ಚಪ್ಪಟಿ ಅದಾಳ, ಅಂಗೈದಾಗ ಕುಂಡರ್ತಾಳ. ಆದ್ರ ನನಗಿಂತ ವಯಸ್ಸು ಹೆಚ್ಚಿದ್ದಂಗೈತಿ! ಎಷ್ಟ ಮಂದಿ ಕೈ ದಾಟಿ ಬಂದಾಳೋ ಯಾಂವಗ ಗೊತ್ತು!"

ಆಂಟಿಯ ಚಮಚ ಬಾಯಿಯ ಬಳಿ ನಿಂತಿತು.

"ಮೂರನೇದಾಕಿ ಬ್ಯಾಡೇ ಬ್ಯಾಡ. ಆಕಿ ಹೊಟ್ಟಿ ಮುಂದ ಬಂದೈತಿ. ಸೆರಗ ಹೊಚ್ಚಿದ್ರೂ ಮಂದಿಗೆ ಕಾಣತೈತಿ!"

ಆಂಟಿ ಎದ್ದು ನಿಂತರು. "ಇಷ್ಟು ಓದ್ಕೊಂಡಿರೋ ಮನೇಲಿ, ಅದೂ ಹೆಣ್ಣುಮಗು ತೊಟ್ಟಿಲಿಗೆ ಹಾಕೋ ದಿನ, ಹೆಣ್ಣುಮಕ್ಕಳ ಬಗ್ಗೆ ಹೀಗಾ ಮಾತಾಡೋದು? ನಾಚಿಕೆ ಆಗಲ್ವಾ?" ಅವರ ಸಿಟ್ಟು ಸರಿಯಾದದ್ದೇ. ನನ್ನ ಗಂಡ ಓಡಿಬಂದು ಅವರನ್ನು ಬಾಗಿಲ ಬಳಿ ತಡೆದು ಪಿಸುಗುಟ್ಟಿದರು: "ಆಂಟಿ, ತಪ್ಪು ತಿಳ್ಕೋಬೇಡಿ. ಅದು ಹುಡುಗಿ ಅಲ್ಲ. ಪಿಸ್ತೂಲು."

ಆಂಟಿ ಲಿಫ್ಟಿಗೂ ಕಾಯಲಿಲ್ಲ. ಮೆಟ್ಟಿಲು ಇಳಿದೇ ಹೋದರು. ಫೋನು ಮುಗಿಸಿ ಬಂದ ಅತ್ತಿ ಸುತ್ತ ನೋಡಿ ಕೇಳಿದರು: "ಆಕಿ ಯಾಕ ಓಡಿ ಹ್ವಾದ್ಲು? ಆಕಿಗೂ ಒಂದು ಬೇಕಾಗಿತ್ತೇನು?"

ಇಷ್ಟಾದ ಮೇಲೆ ಬಿಟ್ಟಾರು ಎಂದುಕೊಂಡಿರಾ? ಸೆರಂಗೂನ್ ರಸ್ತೆಯ ದರ್ಜಿಯ ಬಳಿ ನನ್ನನ್ನೂ ಕೂಸನ್ನೂ ಎಳೆದುಕೊಂಡು ಹೋದರು. ಪೆಟಿಕೋಟಿನ ಬಲಗಡೆ ದಪ್ಪ ಬಟ್ಟೆಯ ಕಿಸೆ ಹೊಲಿಸಿದರು. ಒಳಗೆ ಕೈ ಹಾಕಲು ಸೀರೆಯ ನೆರಿಗೆಯ ಪಕ್ಕದಲ್ಲಿ ದಾರಿ. "ಹ್ಯಾಂಡ್‌ಫೋನ್ ವೈಕ್ಕವಾ?" ಎಂದು ತಮಿಳಿನ ದರ್ಜಿ ಕೇಳಿದ. ಫೋನು ಇಡಲಿಕ್ಕೇ ಎಂದು ನಾನು ಅವಸರವಾಗಿ ತಲೆಯಾಡಿಸಿದೆ. "ಇಷ್ಟ ಆಳ ಕಿಸೆದಾಗ ಫೋನ್ ಇಟ್ರ ಎತ್ತೂದರಾಗ ರಿಂಗ್ ನಿಂತಿರತೈತಿ" ಎಂದು ಅತ್ತಿ ನನ್ನ ಸುಳ್ಳಿಗೇ ತಪ್ಪು ಹಿಡಿದರು.

ನಂತರ ಅಭ್ಯಾಸ. ಆಟಿಕೆ ಪಿಸ್ತೂಲು ಕೂಡ ತರಬಾರದೆಂದು ನನ್ನ ಗಂಡ ಮೊದಲೇ ಪ್ರಮಾಣ ಮಾಡಿಸಿದ್ದರು. ಹಾಗಾಗಿ ಒಂದು ದಿನ ಉಪ್ಪಿನ ಪೊಟ್ಟಣ, ಒಂದು ದಿನ ಹಾಲಿನ ಪುಡಿಯ ಸಣ್ಣ ಡಬ್ಬ, ಒಂದು ದಿನ ನೋವಿನ ಮುಲಾಮಿನ ದೊಡ್ಡ ಡಬ್ಬಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕಿಸೆಗೆ ಹಾಕಿಕೊಂಡು ಬೆಳಿಗ್ಗೆ ಸಂಜೆ ಟ್ಯಾಂಪಿನೀಸ್ ಸುತ್ತುವುದು. ನಡೆಯುವಾಗ ತೊಡೆಗೆ ಬಡಿಯುತ್ತದೆಯೇ? ಕೂತಾಗ ಉಬ್ಬು ಕಾಣುತ್ತದೆಯೇ? ತೆಗೆಯುವಾಗ ಸೆರಗಿನ ದಾರಕ್ಕೆ ಸಿಕ್ಕಿಕೊಳ್ಳುತ್ತದೆಯೇ? ಮುಖ್ಯವಾದ ನಿಯಮವೆಂದರೆ ಆ ಕಿಸೆಯಲ್ಲಿ ಬೇರೆ ಏನೂ ಇರಕೂಡದು. ಬೀಗದ ಕೈ ಹೋಗಿ ಟ್ರಿಗರಿಗೆ ಸಿಕ್ಕಿಕೊಂಡರೆ ತೊಡೆಗೇ ಗುಂಡು! ಇದನ್ನು ನನಗೆ ಗಂಭೀರವಾಗಿ ವಿವರಿಸಿದವರ ಕಿಸೆಯಿಂದ ಅದೇ ಸಂಜೆ ನಾಲ್ಕು ಯಾಲಕ್ಕಿ, ಒಂದು ಪಿನ್ನು, ಕೂಸಿನ ಕಾಲುಚೀಲ ಹೊರಬಂದವು.

ನಮ್ಮ ಬ್ಲಾಕಿನಲ್ಲಿ ಒಬ್ಬ ಚೀನೀ ಅಂಕಲ್ ಇದ್ದರು. ವಯಸ್ಸಾದವರು, ಕುಂಟುತ್ತ ನಡೆಯುವವರು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಅವರು, ಅತ್ತಿ, ನಾನು. ಬಾಗಿಲು ಮುಚ್ಚಿದ್ದೇ ತಡ, ಅತ್ತಿ ಸರಕ್ಕನೆ ಕಿಸೆಯಿಂದ ಕೈ ತೆಗೆದು ಅವರ ಎದೆಯ ನೇರಕ್ಕೆ ಹಿಡಿದರು! ಅಂಕಲ್ ಗೋಡೆಗೆ ಅಂಟಿಕೊಂಡರು. ಆಮೇಲೆ ಅತ್ತಿಯ ಕೈಯಲ್ಲಿದ್ದ ಮುಲಾಮಿನ ಡಬ್ಬಿ ಕಂಡಿತು. ಅವರ ಮುಖ ಅರಳಿತು. "ಓ, ಫಾರ್ ಮೈ ನೀ ಆ? ಆಂಟಿ ವೆರಿ ಗುಡ್ ಲಾ!" ಎಂದು ಡಬ್ಬಿ ತೆಗೆದುಕೊಂಡು, ಪ್ಯಾಂಟು ಮೇಲೆತ್ತಿ, ಅಲ್ಲೇ ಮೊಣಕಾಲಿಗೆ ಹಚ್ಚಿಕೊಂಡರು. ಮರುದಿನದಿಂದ ಲಿಫ್ಟಿನ ಬಳಿ ಕಾಯತೊಡಗಿದರು, ಪ್ಯಾಂಟನ್ನು ಮೊದಲೇ ಮಡಚಿಕೊಂಡು!

"ನೋಡಿದೇನು?" ಅತ್ತಿ ಕುದಿಯುತ್ತಿದ್ದರು. "ನಾ ಇಷ್ಟ ಲಗೂನ ತಗದು ಹಿಡೀತೀನಿ, ಅಂವ ಹೆದರಬೇಕಿಲ್ಲೋ? ಮೊಣಕಾಲ ತೋರಸ್ತಾನ! ಹೆದರೂದು ಹ್ಯಾಂಗಂತ ಈ ಊರಾಗ ಯಾರಿಗೂ ಗೊತ್ತಿಲ್ಲ!"

ನನ್ನ ತಾಳ್ಮೆ ಆ ದಿನ ಮುಗಿಯಿತು. ಇಷ್ಟು ಒಳ್ಳೆಯ ಊರಿಗೆ ಬಂದು, ಇಷ್ಟು ಮುದ್ದಾದ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಗುಂಡು ಹಾರಿಸುವ ಯೋಚನೆ ಮಾಡುತ್ತಾರಲ್ಲ! ಇವರಿಗೆ ಬೇರೇನೂ ಬೇಡವೇ? "ಅತ್ತಿ, ಸಾಕ್ರಿ ಇದು" ಎಂದು ಮೊದಲ ಸಲ ದನಿಯೆತ್ತಿದೆ. "ಯಾವದರ ಒಂದು ಹೇಳಿ ಮುಗಸ್ರಿ!"

ಅತ್ತಿ ಮುಖ ಸಿಂಡರಿಸಿ ಎರಡನೆಯದು ಎಂದರು. ಆ ಹಳೆಯ ಫಾರಿನ್ ಪಿಸ್ತೂಲು. ಚಪ್ಪಟೆ, ಹಗುರ, ಕಿಸೆಗೆ ಹೇಳಿ ಮಾಡಿಸಿದಂಥದ್ದು. ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ನನ್ನ ಗಂಡ ಬಾಯಿ ಹಾಕಿದರು. ಅಷ್ಟು ದಿನ ಕದ್ದು ಕದ್ದು ಕೇಳಿಸಿಕೊಂಡು ಅವರಿಗೂ ಒಳಗೊಳಗೇ ಹುಚ್ಚು ಹಿಡಿದಿತ್ತೆಂದು ಕಾಣುತ್ತದೆ. ಗಂಡಸರ ಹಣೆಬರಹ!

"ಅತ್ತೆ, ಈ ಟೈಪ್‌ದಾದ್ರೆ ಮೊದಲು ಮೇಲಿನ ಭಾಗ ಹಿಂದಕ್ಕೆ ಎಳೀಬೇಕು, ಅಲ್ವಾ?"

"ಹೌದ್ರಿ. ಹಿಂದ ಜಗ್ಗಿದ್ರನ ಗುಂಡು ಒಳಗ ಬರೂದು."

"ಸಣ್ಣದಾದಷ್ಟೂ ಸ್ಪ್ರಿಂಗ್ ಗಟ್ಟಿ ಇರುತ್ತಂತೆ. ಹಿಡಿಯೋಕೆ ಜಾಗಾನೂ ಕಡಿಮೆ. ಒಂದ್ಸಲ ಟೆಸ್ಟ್ ಮಾಡಿಬಿಡೋಣ."

ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ನಮ್ಮಲ್ಲಿತ್ತು. ಇವರು ಅದನ್ನು ಬೀರುವಿನ ಹಿಡಿಗೆ ಕಟ್ಟಿ, ಕೊಕ್ಕೆಗೊಂದು ಸಣ್ಣ ಪಟ್ಟಿ ಸಿಗಿಸಿ, ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಎಳೆಯಿರಿ ಎಂದರು. ಅತ್ತಿ ಸೆರಗು ಸಿಗಿಸಿಕೊಂಡು ಎಳೆದರು. ಮುಳ್ಳು ಸ್ವಲ್ಪ ಸರಿದು ನಿಂತಿತು. ಬೇಕಾದದ್ದರ ಅರ್ಧವೂ ಆಗಿರಲಿಲ್ಲ.

"ನಿಂತದ್ದು ಸರಿ ಆಗಲಿಲ್ಲ" ಎಂದು ಮತ್ತೆ ಎಳೆದರು. ಮುಳ್ಳು ಮೊದಲಿಗಿಂತ ಹಿಂದೆಯೇ ನಿಂತಿತು. ಮೂರನೆಯ ಸಲ ಎಳೆಯುವಾಗ ನಾನು ಅವರ ಕೈಯನ್ನು ನೋಡಿದೆ. ಹೆಬ್ಬೆರಳಿನ ಬುಡ ಊದಿಕೊಂಡು ಗಂಟಾಗಿತ್ತು. ಪಟ್ಟಿ ಜಾರಿತು.

ಆಗ ನನಗೆ ಒಂದೊಂದೇ ತಿಳಿಯತೊಡಗಿತು. ಉಂಡಿಯ ಡಬ್ಬಿಯ ಮುಚ್ಚಳವನ್ನು ದಿನವೂ "ನೀನ ತಗೀ, ಬಾಣಂತಿಗೂ ಸ್ವಲ್ಪ ಕಸರತ್ ಬೇಕು" ಎಂದು ನನ್ನ ಕೈಗೇ ಕೊಡುತ್ತಿದ್ದುದು. ಕೂಸಿನ ಬಟ್ಟೆಯನ್ನು ನಲ್ಲಿಗೆ ಸುತ್ತಿ ಮೈಯ ಭಾರದಿಂದ ಹಿಂಡುತ್ತಿದ್ದುದು. ಮಾಮನ ರಿವಾಲ್ವರ್ ಭಾರವಾದದ್ದು ಯಾಕೆ? ಅದು ಇಷ್ಟು ವರ್ಷ ಇದ್ದ ತೂಕವೇ ಇತ್ತಲ್ಲ!

ನನ್ನ ಗಂಡ ತಕ್ಕಡಿಯನ್ನು ಬಿಚ್ಚಿಕೊಂಡರು. ತಿರುಗಿಸಿ ಮುರುಗಿಸಿ ನೋಡಿ, "ಸ್ಕೇಲ್ ಸರಿ ಇಲ್ಲ ಅತ್ತೆ. ಹಳೇದು. ತಪ್ಪು ತೋರಿಸ್ತಿದೆ" ಎಂದರು. ಅಳತೆಯ ವಿಷಯದಲ್ಲಿ ಜೀವಮಾನದಲ್ಲೇ ಸುಳ್ಳು ಹೇಳದ ಮನುಷ್ಯ!

"ತಕ್ಕಡಿ ಚೊಲೋನ ಐತ್ರಿ, ಅಳಿಯಂದ್ರ" ಎಂದು ಅತ್ತಿ ಎದ್ದು ಅಡುಗೆಮನೆಗೆ ಹೋದರು.

ಆಮೇಲೆ ಎರಡು ದಿನ ಅತ್ತಿಗೆ ಯಾವುದರ ಮೇಲೂ ಸಿಟ್ಟು ಬರಲಿಲ್ಲ. ಅಂಗಡಿಯ ಕೊತ್ತಂಬರಿಗೆ ವಾಸನೆಯಿಲ್ಲವೆಂದು ಬೈಯಲಿಲ್ಲ. ಲಿಫ್ಟಿನ ಅಂಕಲ್‌ಗೆ ತಾವಾಗಿಯೇ ಮುಲಾಮು ಕೊಟ್ಟುಬಿಟ್ಟರು, ಡಬ್ಬಿ ಸಮೇತ. ಮನೆ ಭಣಭಣ ಎನ್ನತೊಡಗಿತು. ಈಗ ಸಿಟ್ಟು ಬಂದದ್ದು ನನಗೆ! ಈ ಪಿಸ್ತೂಲು ಮಾಡುವವರು ಯಾರ ಕೈ ಅಳೆದು ಮಾಡುತ್ತಾರೆ? ಬೆರಳು ಸವೆದ ಹೆಂಗಸಿನ ಹಿಂದೆ ಬರುವ ಕಳ್ಳ ಮೆಲ್ಲಗೆ ಬರುತ್ತಾನೆಯೇ? ನಾನೇ ಕಂಪ್ಯೂಟರಿನ ಮುಂದೆ ಕೂತು ಪಿಸ್ತೂಲ್ ಎಂದು ದಿಟ್ಟವಾಗಿ ಟೈಪ್ ಮಾಡಿದೆ. ನನ್ನ ಗಂಡ ಓಡಿಹೋಗಿ ಕಿಟಕಿಯ ಪರದೆ ಎಳೆದರು.

"ಅತ್ತಿ, ಜಗ್ಗೂದು ಬ್ಯಾಡಾದ್ದು ಇರತಾವಂತ್ರಿ. ಸಣ್ಣ ರಿವಾಲ್ವರ್. ಆ ಮೂರನೇದು. ಹೊಟ್ಟಿ ಮುಂದ ಬಂದ್ರ ಬರಲಿ ಬಿಡ್ರಿ! ಕಿಸೆ ಇನ್ನೊಂದಿಷ್ಟು ಅಗಲ ಹೊಲಸೂನು."

ಅತ್ತಿ ನನ್ನನ್ನೇ ನೋಡಿದರು. ನಕ್ಕರು. ಫೋನ್ ಕಾರ್ಡು ತೆಗೆದುಕೊಂಡು ಹುಬ್ಬಳ್ಳಿಗೆ ಫೋನು ಹಚ್ಚಿಸಿದರು. "ಯಾವದೂ ಬ್ಯಾಡಪಾ. ನನ್ನ ಹಳೇದನ್ನೂ ನಿನಗ ತಂದು ಕೊಡ್ತೀನಿ. ಗಿರಾಕಿ ನೋಡಿಡು." ಆ ಕಡೆಯಿಂದ ಅವನು ಕಿರುಚುವುದು ನನಗೂ ಕೇಳಿಸಿತು. ಮೂರು ತಿಂಗಳಿನಿಂದ ಬೇರೆಯವರಿಗೆ ಕೊಡದೆ ಕಾದಿದ್ದನಂತೆ. "ಹುಡುಗಿ ನೋಡಿದ ಮ್ಯಾಲ ಒಲ್ಲೆ ಅನ್ನಾಕ ಹಕ್ಕಿಲ್ಲೇನು ನನಗ?" ಎಂದು ಅತ್ತಿ ಫೋನಿಟ್ಟರು.

"ಮತ್ತ ಬ್ಯಾಂಕಿಗೆ ಹ್ಯಾಂಗ ಹೋಗ್ತೀರಿ?"

"ನಾ ಯಾಕ ಹೋಗ್ಲಿ? ಬ್ಯಾಂಕಿನವರು ಗಾಡಿ ತಗೊಂಡು ಬಂಕಿಗೇ ಬರ್ತೀವಿ ಅಂತ ಎರಡು ವರ್ಷದಿಂದ ಬೆನ್ನು ಹತ್ಯಾರ. ನಾನ ಒಲ್ಲೆ ಅಂದಿದ್ದೆ. ಹೂಂ ಅಂದ್ರ ಮಂದಿ ಏನಂತಾರ? ಮುದುಕಿ ಹೆದರ್ಯಾಳ ಅಂತಾರ."

ಅವರು ಊರಿಗೆ ಹೊರಡುವ ವಾರ ಕೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತಿದ್ದೆವು. ಮುಸ್ಸಂಜೆ. ಬಸ್ಸಿಳಿದು ಮನೆಗೆ ಹೋಗುವ ಹಾದಿಯಲ್ಲಿ ಅಷ್ಟಾಗಿ ಜನರಿರಲಿಲ್ಲ. ಸೈಕಲ್ಲಿನವರೊಬ್ಬರು ನಮ್ಮ ಹಿಂದಿನಿಂದ ಬಂದು ದಾಟಿಹೋದರು. ಅತ್ತಿ ತಟ್ಟನೆ ನಿಂತುಕೊಂಡರು. ಕಾಲು ನೋಯುತ್ತಿದೆಯೇನೋ ಎಂದುಕೊಂಡೆ.

"ಅಂವ ಹಿಂದ ಬರೂದು ನನಗ ಗೊತ್ತ ಆಗಲಿಲ್ಲ ನೋಡು" ಎಂದರು. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. "ನಿಮ್ಮ ಮಾಮ ಹ್ವಾದ ಮ್ಯಾಲ ನಾ ಹಿಂದ ತಿರಗಿ ನೋಡದ ಒಂದು ದಿನಾನೂ ನಡದಾಕಿ ಅಲ್ಲ. ಇಲ್ಲಿ ಯಾವಾಗ ಬಿಟ್ನೋ, ತಿಳೀಲೇ ಇಲ್ಲ. ಕುತ್ತಿಗಿ ಎಷ್ಟ ಹಗುರ ಆಗೈತಿ!"

"ಹೆದರಿಕಿ ಆಗತಿತ್ತೇನ್ರಿ ಅತ್ತಿ?"

"ದಿನಾ."

"ಚೀಲದಾಗ ಅದು ಇದ್ರೂ?"

"ಅದು ಇತ್ತಂತ ಅಳತಿರಲಿಲ್ಲ. ಅಷ್ಟ."

"ಇಲ್ಲೇ ಇದ್ದುಬಿಡ್ರಿ" ಎಂದೆ. ತಕ್ಷಣ ಅವರ ಹಳೆಯ ದನಿ ಮರಳಿ ಬಂತು: "ಹ್ಞಾಂ, ಬಂಕ್ ಯಾರು ನೋಡ್ತಾರ? ನಿಮ್ಮಪ್ಪ ನೋಡ್ತಾನೇನು? ಅಂವಗ ಡೀಸೆಲ್‌ಗೂ ಪೆಟ್ರೋಲ್‌ಗೂ ಫರಕ್ ಗೊತ್ತಿಲ್ಲ!"

ಹಾಗೆಂದು ಮುಂದೆ ಹೊರಟರು. ಎರಡೂ ಕೈ ಬೀಸುತ್ತ, ಮರ ನೋಡುತ್ತ, ಹಾದಿಯ ನಡುವೆ, ಯಾವ ಅವಸರವೂ ಇಲ್ಲದೆ. ನಾನು ಕೂಸಿನ ಗಾಡಿ ತಳ್ಳುತ್ತ ಹಿಂದೆಯೇ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಏನನ್ನಿಸಿತೋ, ಅವರ ಪರವಾಗಿ ಒಮ್ಮೆ ನಾನೇ ಹಿಂದೆ ತಿರುಗಿ ನೋಡಿದೆ.

ಯಾರೂ ಇರಲಿಲ್ಲ.